ಓದಿ ಹೇಳುವವನ ಕೈಯಲ್ಲಿ

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಚಿಕ್ಕಪ್ಪ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ತಿಂಗಳಿಗೋ ಎರಡು ತಿಂಗಳಿಗೋ ಅವರಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ಅದರ ಅಂಚು ಹರಿಯದ ಹಾಗೆ ಬಿಡಿಸಿ, ಜಗಲಿಯ ಮೇಲೆ ಕೂತು ಓದಿ ಹೇಳುವ ಕೆಲಸ ನನ್ನದು. ಆಗ ನಾನು ಐದನೇ ಕ್ಲಾಸು. "ಮಾತೃಶ್ರೀಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಈ ಕಡೆ ಕ್ಷೇಮ. ಆ ಕಡೆ ಎಲ್ಲರ ಕ್ಷೇಮಕ್ಕೆ ಬರೆಯುವುದು." ಇಷ್ಟು ಪ್ರತಿ ಸಲ ಇರುತ್ತಿತ್ತು, ಬಾಯಿಪಾಠ ಆಗಿಹೋಗಿತ್ತು. ಒಂದು ಸಲ ಅದರ ಕೆಳಗೆ, ಈ ತಿಂಗಳು ಮನಿಯಾರ್ಡರ್ ಮಾಡಲು ಆಗುವುದಿಲ್ಲ, ಯುಗಾದಿಗೆ ರಜವೂ ಸಿಗುವುದಿಲ್ಲ ಅಂತ ಬರೆದಿದ್ದರು. ನಾನು ತಲೆಯೆತ್ತಿ ನೋಡಿದೆ. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದರು. ಏನಾಯಿತೋ ಗೊತ್ತಿಲ್ಲ, ದುಡ್ಡಿನ ಸಾಲನ್ನು ಹಾರಿಸಿಬಿಟ್ಟೆ. "ರಜ ಸಿಕ್ಕರೆ ಯುಗಾದಿಗೆ ಬರ್ತೀನಿ" ಅಂತ ನಾನೇ ಸೇರಿಸಿ ಓದಿದೆ. ಅಜ್ಜಿ ಮತ್ತೆ ಅಡಿಕೆ ಕತ್ತರಿಸತೊಡಗಿದರು.

ಈ ಹಳೇ ಕಳ್ಳತನ ನೆನಪಾಗಿದ್ದು ಇತ್ತೀಚೆಗೆ, ಕ್ರುಸೇಡ್ ಕಾಲದ ಪತ್ರಗಳನ್ನು ಓದುತ್ತಾ ಕೂತಾಗ. ಯಾಕೆ ಓದುತ್ತಿದ್ದೆ ಅಂತ ಕೇಳಬೇಡಿ, ನಿದ್ದೆ ಬಾರದ ರಾತ್ರಿ ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಗುವುದು ನನ್ನ ಅಭ್ಯಾಸ. ಜೆರುಸಲೇಂಗಾಗಿ ಯೂರೋಪಿನ ಕ್ರೈಸ್ತರು ಇನ್ನೂರು ವರ್ಷ ನಡೆಸಿದ ಯುದ್ಧಗಳು ಅವು. ಶಾಲೆಯಲ್ಲಿ ಅರ್ಧ ಪುಟದಲ್ಲಿ ಮುಗಿದುಹೋಗಿದ್ದವು. ಪತ್ರಗಳಲ್ಲಿ ನೋಡಿದರೆ ಬೇರೆಯೇ ಲೋಕ. ಆಗ ಪತ್ರ ಬರೆಸುವವನು ಒಬ್ಬ, ಬರೆಯುವವನು ಇನ್ನೊಬ್ಬ, ಹೊತ್ತು ತರುವವನು ಮತ್ತೊಬ್ಬ, ಕೊನೆಗೆ ಗಟ್ಟಿಯಾಗಿ ಓದಿ ಹೇಳುವವನು ನಾಲ್ಕನೆಯವನು. ಎಷ್ಟೋ ಪತ್ರಗಳಲ್ಲಿ ಮುಖ್ಯ ವಿಷಯವೇ ಇರುವುದಿಲ್ಲ. ಇದನ್ನು ತಂದವನ ಮಾತು ನಂಬಿ, ಮಿಕ್ಕಿದ್ದು ಅವನೇ ಹೇಳುತ್ತಾನೆ ಅಂತಷ್ಟೇ ಇರುತ್ತದೆ.

ಮೊದಲನೇ ಕ್ರುಸೇಡಿಗೆ ಹೋದವರಲ್ಲಿ ಸ್ಟೀಫನ್ ಅಂತ ಒಬ್ಬ. ಫ್ರಾನ್ಸಿನ ಬ್ಲಾ ಅನ್ನುವ ಸೀಮೆಯ ದೊಡ್ಡ ಪಾಳೇಗಾರ. ಹೆಂಡತಿ ಅಡೆಲಾ ಸಾಮಾನ್ಯದವಳಲ್ಲ, ಇಂಗ್ಲೆಂಡ್ ಗೆದ್ದ ವಿಲಿಯಂ ರಾಜನ ಮಗಳು. ಸ್ಟೀಫನ್ ಅವಳಿಗೆ ಬರೆಸಿದ ಎರಡು ಪತ್ರಗಳು ಉಳಿದಿವೆ. ಮೊದಲನೆಯದು 1097ರ ಜೂನಿನಲ್ಲಿ, ಈಗಿನ ಟರ್ಕಿಯಲ್ಲಿರುವ ನೈಸಿಯಾದಿಂದ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಅಲೆಕ್ಸಿಯೋಸ್ ತನ್ನನ್ನು ಮಗನ ಹಾಗೆ ನೋಡಿಕೊಂಡ ಅಂತ ಹಿಗ್ಗಿ ಹೋಗಿದ್ದಾನೆ. ಆ ಹಿಗ್ಗಿನಲ್ಲಿ, ನಿಮ್ಮಪ್ಪ ಏನೇನೋ ಕೊಟ್ಟಿರಬಹುದು, ಆದರೆ ಈತನ ಮುಂದೆ ಏನೇನೂ ಅಲ್ಲ ಅನ್ನುವ ಅರ್ಥದ ಮಾತು ಬೇರೆ! ಹೆಂಡತಿಗೆ ಕಾಗದ ಬರೆಯುವಾಗ ಮಾವನ ವಿಷಯದಲ್ಲಿ ಹೀಗೆ ಬಾಯಿ ಬಿಡಬಾರದು ಅಂತ ಆ ಪುಣ್ಯಾತ್ಮನಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಅದೇ ಪತ್ರದಲ್ಲಿ ಇನ್ನೊಂದು ಲೆಕ್ಕ. ದಾರಿಯಲ್ಲಿರುವ ಆಂಟಿಯೋಕ್ ಪಟ್ಟಣ ನಮ್ಮನ್ನು ತಡೆಯದಿದ್ದರೆ ಇನ್ನು ಐದು ವಾರದಲ್ಲಿ ಜೆರುಸಲೇಂನಲ್ಲಿರುತ್ತೇವೆ.

ಆಂಟಿಯೋಕ್ ತಡೆಯಿತು. ಸೈನ್ಯ ಜೆರುಸಲೇಂ ಹಿಡಿದಿದ್ದು 1099ರ ಜುಲೈನಲ್ಲಿ, ಅಂದರೆ ಎರಡು ವರ್ಷದ ಮೇಲೆ.

ಎರಡನೇ ಪತ್ರ 1098ರ ಮಾರ್ಚ್ ಕೊನೆಯದು, ಆಂಟಿಯೋಕ್ ಕೋಟೆಯ ಹೊರಗೆ ಡೇರೆ ಹಾಕಿಕೊಂಡು ಕೂತಲ್ಲಿಂದ. ನನಗೆ ಜಾಸ್ತಿ ಇಷ್ಟವಾಗಿದ್ದು ಇದು. ಶುರುವಿನಲ್ಲೇ, ನಾನು ಆರೋಗ್ಯವಾಗಿದ್ದೇನೆ, ಮನೆಯಿಂದ ಹೊರಟಾಗ ಇದ್ದದ್ದಕ್ಕಿಂತ ಎರಡರಷ್ಟು ಬೆಳ್ಳಿ ಬಂಗಾರ ಈಗ ನನ್ನ ಹತ್ತಿರ ಇದೆ, ಎಲ್ಲರೂ ಸೇರಿ ನನ್ನನ್ನೇ ಮುಖಂಡನನ್ನಾಗಿ ಮಾಡಿದ್ದಾರೆ ಅಂತೆಲ್ಲ ಇದೆ. "ಈ ಕಡೆ ಕ್ಷೇಮ" ಅನ್ನುವುದರ ದೊಡ್ಡ ರೂಪ. ಸ್ವಲ್ಪ ಕೆಳಗೆ ಬಂದರೆ ನಿಜ ತಾನಾಗಿ ಹೊರಗೆ ಬರುತ್ತದೆ. ಬಡ ಸೈನಿಕರು ಹಸಿವಿನಿಂದ ಸಾಯುವ ಸ್ಥಿತಿ. ಚಳಿಗಾಲದುದ್ದಕ್ಕೂ ವಿಪರೀತ ಚಳಿ, ಬಿಡದೆ ಸುರಿಯುವ ಮಳೆ. ಸಿರಿಯಾದಲ್ಲಿ ಬಿಸಿಲು ತಡೆಯಲಾಗುವುದಿಲ್ಲ ಅಂತ ಜನ ಹೇಳುತ್ತಾರಲ್ಲ, ಸುಳ್ಳು, ಇಲ್ಲಿಯ ಚಳಿಗಾಲ ನಮ್ಮೂರಿನ ಹಾಗೇ ಇದೆ ಅನ್ನುತ್ತಾನೆ. ಒಂಬತ್ತು ಶತಮಾನಕ್ಕೂ ಆಚೆಯ ಒಬ್ಬ ಗಂಡಸು ನೆನೆದ ಡೇರೆಯಲ್ಲಿ ಕೂತು ಹವೆಯ ಬಗ್ಗೆ ಗೊಣಗುತ್ತಿರುವುದು ನನಗೆ ಈ ಸಾಲಿನಲ್ಲಿ ಎದುರಿಗೇ ಕಂಡ ಹಾಗಾಯಿತು.

ಇದನ್ನು ಬರೆದದ್ದು ಅವನ ಪಾದ್ರಿ ಅಲೆಕ್ಸಾಂಡರ್. ಅದು ನಮಗೆ ಗೊತ್ತಾಗುವುದು ಪತ್ರದ ಒಳಗಿನ ಮಾತಿನಿಂದಲೇ. ಈಸ್ಟರ್‌ನ ಮಾರನೇ ದಿನ ನನ್ನ ಪಾದ್ರಿ ಅಲೆಕ್ಸಾಂಡರ್ ಅವಸರದಲ್ಲಿ ಈ ಕಾಗದ ಬರೆಯುತ್ತಿರುವಾಗಲೇ ನಮ್ಮವರ ಒಂದು ಗುಂಪು ತುರ್ಕರ ಮೇಲೆ ಬಿದ್ದು ಅರವತ್ತು ಸವಾರರನ್ನು ಕೊಂದು ತಲೆಗಳನ್ನು ಬೀಡಿಗೆ ತಂದರು ಅಂತ ನಡುವೆ ಒಂದು ಸುದ್ದಿ ಸೇರಿಕೊಂಡಿದೆ. ಒಬ್ಬ ಹೇಳುತ್ತಿದ್ದಾನೆ, ಒಬ್ಬ ಬರೆಯುತ್ತಿದ್ದಾನೆ, ಹೊರಗೆ ತಲೆಗಳ ರಾಶಿ ಬಂದು ಬೀಳುತ್ತಿದೆ. ಕೊನೆಗೆ ಮಾತ್ರ ಮೆತ್ತಗೆ. ಸೀಮೆಯನ್ನು ಚೆನ್ನಾಗಿ ನೋಡಿಕೋ, ಮಕ್ಕಳನ್ನು, ನಮ್ಮನ್ನು ನಂಬಿದವರನ್ನು ಸರಿಯಾಗಿ ನಡೆಸಿಕೋ, ಆದಷ್ಟು ಬೇಗ ನನ್ನನ್ನು ಖಂಡಿತ ನೋಡುತ್ತೀಯ.

ನೋಡಿದಳು, ಅದೂ ಅವಳು ಅಂದುಕೊಂಡದ್ದಕ್ಕಿಂತ ಬೇಗ. ಜೂನ್ 2ರಂದು ಸ್ಟೀಫನ್ ಕಾಯಿಲೆ ಅಂತ ಹೇಳಿ ಆಂಟಿಯೋಕ್ ಬಿಟ್ಟು ಹೊರಟ. ಮಾರನೇ ದಿನವೇ ಕೋಟೆ ಅವನ ಕಡೆಯವರ ಕೈಗೆ ಬಿತ್ತು. ಒಂದೇ ಒಂದು ದಿನ! ದಾರಿಯಲ್ಲಿ ಫಿಲೋಮೆಲಿಯನ್ ಅನ್ನುವ ಊರಿನಲ್ಲಿ ಅದೇ ಅಲೆಕ್ಸಿಯೋಸ್ ಸೈನ್ಯ ತೆಗೆದುಕೊಂಡು ಸಹಾಯಕ್ಕೆ ಬರುತ್ತಿದ್ದ. ಅಲ್ಲಿ ಎಲ್ಲಾ ಮುಗಿಯಿತು, ಹೋಗಿ ಪ್ರಯೋಜನವಿಲ್ಲ ಅಂದ ಸ್ಟೀಫನ್. ಚಕ್ರವರ್ತಿ ವಾಪಸ್ ತಿರುಗಿದ. ಯೂರೋಪಿನ ಕ್ರೈಸ್ತರು ಅದನ್ನು ದ್ರೋಹ ಅಂತಲೇ ಬಗೆದರು, ಆ ಗಾಯ ವಾಸಿಯಾಗಲಿಲ್ಲ. ಇತ್ತ ಅಡೆಲಾ ಸುಮ್ನೆ ಇರುವ ಹೆಂಗಸಲ್ಲ. ಗಂಡನನ್ನು ಮತ್ತೆ ಹೊರಡಿಸಿದಳು. 1102ರಲ್ಲಿ ರಾಮ್ಲಾದ ಕಾಳಗದ ಹೊತ್ತಿಗೆ ಅವನು ಸತ್ತ. ಆ ಎರಡು ಪತ್ರಗಳನ್ನು ಅವಳು ಆಮೇಲೆ ಮತ್ತೊಮ್ಮೆ ಓದಿಸಿ ಕೇಳಿದಳೋ ಏನೋ. ಎರಡರಷ್ಟು ಬಂಗಾರದ ಸಾಲು ಬಂದಾಗ ಮುಖ ಹೇಗಿದ್ದಿರಬಹುದು?

ಇದು ಮನೆಯ ಪತ್ರ. ಪೋಪರ ಪತ್ರಗಳ ರೀತಿ ಬೇರೆ. ಅವಕ್ಕೆ ಹೆಸರಿಡುವುದೇ ಮೊದಲ ಎರಡು ಮೂರು ಲ್ಯಾಟಿನ್ ಪದಗಳಿಂದ. ಕ್ರುಸೇಡರ ವಶದಲ್ಲಿದ್ದ ಎಡೆಸ್ಸಾ ಪಟ್ಟಣ 1144ರ ಡಿಸೆಂಬರಿನಲ್ಲಿ ಕೈಬಿಟ್ಟು ಹೋದ ಮೇಲೆ ಮೂರನೇ ಯೂಜೀನಿಯಸ್ ಪೋಪ್ 1145ರಲ್ಲಿ ಬರೆಸಿದ ಪತ್ರ 'ಕ್ವಾಂಟುಮ್ ಪ್ರೇಡೆಸೆಸ್ಸೋರೆಸ್'. ಯುದ್ಧಕ್ಕೆ ಹೋದವರಿಗೆ ಪಾಪದ ಕ್ಷಮೆ, ಅವರ ಹೆಂಡತಿ ಮಕ್ಕಳ ಆಸ್ತಿಗೆ ಚರ್ಚಿನ ರಕ್ಷಣೆ, ಸಾಲದ ಮೇಲಿನ ಬಡ್ಡಿಗೆ ಬಿಡುವು. ಭಾಷೆ ತೂಕದ್ದು, ವ್ಯವಹಾರ ಚೊಕ್ಕ. ಆದರೆ ಊರಿನ ಜನಕ್ಕೆ ಲ್ಯಾಟಿನ್ ಎಲ್ಲಿಂದ ಬರಬೇಕು? ಅವರಿಗೆ ತಲುಪುವುದು ಪ್ರಚಾರಕ ತನ್ನ ಬಾಯಲ್ಲಿ ಹೇಳಿದ್ದು. ರೈನ್ ನದಿಯ ದಡದ ಊರುಗಳಲ್ಲಿ ರಡುಲ್ಫ್ ಅನ್ನುವ ಒಬ್ಬ ಸಂನ್ಯಾಸಿ ತನ್ನದೊಂದು ಸಾಲು ಸೇರಿಸಿದ. ದೂರದ ಶತ್ರುವಿಗಿಂತ ಮೊದಲು ಇಲ್ಲೇ ಇರುವ ಯಹೂದಿಗಳನ್ನು ಮುಗಿಸಿ ಅಂತ. ಪೋಪರ ಪತ್ರದಲ್ಲಿ ಯಹೂದಿಗಳ ಮಾತೇ ಇಲ್ಲ. ಜನ ಕೊಲ್ಲಲು ಹೊರಟರು, ಕೊಂದರು ಕೂಡ. ಈ ಎರಡನೇ ಕ್ರುಸೇಡಿನ ದೊಡ್ಡ ಭಾಷಣಕಾರ ಕ್ಲೇರ್ವೋದ ಬರ್ನಾರ್ಡ್ ಇದನ್ನು ಖಂಡಿಸಿ ಪತ್ರಗಳನ್ನು ಬರೆದ. ಪತ್ರಕ್ಕೆ ಕೆಲಸ ಆಗಲಿಲ್ಲ. ಕೊನೆಗೆ ತಾನೇ ಮೈಂಜ್‌ಗೆ ಹೋಗಿ ರಡುಲ್ಫನನ್ನು ಅವನ ಮಠಕ್ಕೆ ಅಟ್ಟಬೇಕಾಯಿತು. ಬಾನ್ ಊರಿನ ಎಫ್ರಾಯಿಂ ಎಂಬ ಯಹೂದಿ, ಆಗಿನ್ನೂ ಹುಡುಗ, ದೊಡ್ಡವನಾದ ಮೇಲೆ ಇದನ್ನೆಲ್ಲ ಹೀಬ್ರೂವಿನಲ್ಲಿ ಬರೆದಿಟ್ಟ, ಬರ್ನಾರ್ಡನ ಬಗ್ಗೆ ಒಳ್ಳೇ ಮಾತನ್ನೇ ಆಡಿದ್ದಾನೆ. ನನ್ನ ಯುಗಾದಿ ಸಾಲು ಮತ್ತು ರಡುಲ್ಫನ ಸಾಲನ್ನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೂ ಇದನ್ನು ಓದುವಾಗ ಸ್ವಲ್ಪ ಮೈ ಜುಮ್ಮೆಂದಿತು.

ಇನ್ನು ಮಂಗೋಲರ ವಿಷಯ. ಇಲ್ಲಿ ಕತೆ ತಮಾಷೆಗೂ ತಿರುಗುತ್ತದೆ, ಭಯಕ್ಕೂ.

1245ರಲ್ಲಿ ನಾಲ್ಕನೇ ಇನ್ನೋಸೆಂಟ್ ಪೋಪ್ ಮಂಗೋಲ್ ದೊರೆಗೆ ಪತ್ರ ಕಳಿಸಿದ. ಒಂದರಲ್ಲಿ ಕ್ರೈಸ್ತ ಧರ್ಮದ ಪಾಠ, ಇನ್ನೊಂದರಲ್ಲಿ ಹಂಗೇರಿ, ಪೋಲೆಂಡ್ ಕಡೆಯ ಜನರನ್ನು ಯಾಕೆ ಹೀಗೆ ಕೊಂದಿರಿ ಅನ್ನುವ ಪ್ರಶ್ನೆ. ಹೊತ್ತವನು ಕಾರ್ಪಿನಿಯ ಜಾನ್, ಅರವತ್ತು ದಾಟಿದ, ಮೈ ಭಾರದ ಫ್ರಾನ್ಸಿಸ್ಕನ್ ಸಂನ್ಯಾಸಿ. ಫ್ರಾನ್ಸಿನ ಲಿಯೋನ್‌ನಿಂದ ಹೊರಟು, ರಷ್ಯಾದ ಹಿಮ ದಾಟಿ, ನವಣೆಯಂಥ ಕಾಳನ್ನು ಉಪ್ಪು ನೀರಲ್ಲಿ ಬೇಯಿಸಿ ತಿಂದು, ಹಿಮ ಕರಗಿಸಿ ಕುಡಿದು, ಮುಂದಿನ ವರ್ಷದ ಬೇಸಿಗೆಯಲ್ಲಿ ಮಂಗೋಲರ ರಾಜಧಾನಿ ಕಾರಾಕೋರಂ ಹತ್ತಿರದ ಬಿಡಾರ ಮುಟ್ಟಿದ. 1246ರ ಆಗಸ್ಟ್‌ನಲ್ಲಿ ಗುಯುಕ್ ಖಾನ್ ಪಟ್ಟಕ್ಕೆ ಕೂತಿದ್ದನ್ನು ಕಣ್ಣಾರೆ ಕಂಡ. ಊಟಕ್ಕೆ ಮಾತ್ರ ಗತಿಯಿಲ್ಲ. ನಾಲ್ಕು ಜನಕ್ಕೆ ಅಂತ ಕೊಟ್ಟದ್ದು ಒಬ್ಬನಿಗೂ ಸಾಲುತ್ತಿರಲಿಲ್ಲವಂತೆ. ಕೋಸ್ಮಾಸ್ ಅನ್ನುವ ರಷ್ಯದ ಅಕ್ಕಸಾಲಿಗ, ಖಾನನ ಬಳಿ ಕೆಲಸಕ್ಕಿದ್ದವನು, ಇವರಿಗೆ ಅಷ್ಟಿಷ್ಟು ಕೊಟ್ಟು ಬದುಕಿಸಿದ. ಖಾನನ ಸಿಂಹಾಸನ ಮತ್ತು ಮೊಹರು ಅವನ ಕೈಕೆಲಸ. ಪೋಪರಿಗೆ ಬಂದ ಬೆದರಿಕೆ ಪತ್ರದ ಮೇಲೆ ಬಿದ್ದ ಮೊಹರು, ಅದನ್ನು ಹೊತ್ತು ತಂದವನ ಹೊಟ್ಟೆಗೆ ಬಿದ್ದ ಅನ್ನ, ಎರಡೂ ಒಂದೇ ಕೈಯಿಂದ!

ಉತ್ತರ ಬರೆಯುವ ಸಂದರ್ಭವನ್ನು ಕಾರ್ಪಿನಿ ವಿವರವಾಗಿ ಹೇಳಿದ್ದಾನೆ. ಮಂಗೋಲ್ ಅಧಿಕಾರಿಗಳು ಮೊದಲು ಕೇಳಿದ್ದು ಇದು: ನಿಮ್ಮ ಪೋಪರ ಹತ್ತಿರ ರಷ್ಯನ್ನೋ ಪರ್ಷಿಯನ್ನೋ ನಮ್ಮ ಭಾಷೆಯೋ ಓದಬಲ್ಲವರು ಇದ್ದಾರಾ? ಇಲ್ಲ. ಹಾಗಾದರೆ ಕೂತುಕೊಳ್ಳಿ. ಪತ್ರದ ಒಂದೊಂದು ಮಾತನ್ನೂ ದುಭಾಷಿಗಳಿಂದ ಬಿಡಿಸಿ ಹೇಳಿಸಿದರು, ಇವರು ಲ್ಯಾಟಿನ್‌ನಲ್ಲಿ ಬರೆದುಕೊಂಡರು. ಬರೆದದ್ದನ್ನು ಮತ್ತೆ ತಿರುಗಿಸಿ ಹೇಳಿಸಿ ಸರಿ ಇದೆಯಾ ಅಂತ ನೋಡಿದರು. ಅಷ್ಟು ದೂರ ಹೋಗುವವರು, ಒಂದು ಮಾತೂ ತಪ್ಪಿ ಅರ್ಥ ಆಗಬಾರದು ಅಂದರು. ಅದೂ ಸಾಲದೆ ಪರ್ಷಿಯನ್ ಭಾಷೆಯಲ್ಲಿ ಒಂದು ಪ್ರತಿ ಬರೆದು ಕೊಟ್ಟರು, ಮುಂದೆ ಯಾರಾದರೂ ಓದುವವರು ಸಿಕ್ಕರೆ ಇರಲಿ ಅಂತ. ಕುದುರೆ ಮೇಲೆ ಬಂದು ಊರು ಸುಡುವವರು ಅಂತ ಹೆಸರಾದವರ ಕಚೇರಿ ಇಷ್ಟು ಕಟ್ಟುನಿಟ್ಟು. ಆ ಪರ್ಷಿಯನ್ ಪ್ರತಿ ವ್ಯಾಟಿಕನ್ನಿನ ಕಡತಗಳಲ್ಲಿ 1920ರಲ್ಲಿ ಸಿಕ್ಕಿತು. ಒಂದು ಮೀಟರಿಗಿಂತ ಉದ್ದದ ಪಟ್ಟಿ, ಮೇಲೆ ಕೆಂಪು ಮೊಹರು.

ಒಳಗೇನಿದೆ? ನೀನು ನನಗೆ ದೀಕ್ಷಾಸ್ನಾನ ಆಗಲಿ ಅಂತ ಪ್ರಾರ್ಥಿಸಿದೆಯಂತೆ, ಆ ಮಾತು ನನಗೆ ಅರ್ಥವಾಗಲಿಲ್ಲ. ಹಂಗೇರಿಯವರನ್ನು ಯಾಕೆ ಕೊಂದೆ ಅಂತ ಕೇಳಿದೆಯಂತೆ, ಅದೂ ಅರ್ಥವಾಗಲಿಲ್ಲ. ಸೂರ್ಯ ಹುಟ್ಟುವಲ್ಲಿಂದ ಮುಳುಗುವ ತನಕ ನೆಲವೆಲ್ಲ ನನ್ನ ವಶಕ್ಕೆ ಬಂದಿದೆ, ದೇವರ ಅಪ್ಪಣೆ ಇಲ್ಲದೆ ಇದು ಆಗುತ್ತದಾ? ನಿನ್ನ ರಾಜರನ್ನೆಲ್ಲ ಕರೆದುಕೊಂಡು ನೀನೇ ಮುಂದೆ ನಿಂತು ಬಂದು ನಮ್ಮ ಸೇವೆ ಮಾಡು. ಧಾಟಿ ಇದು. ನನಗೆ ಕಚ್ಚಿದ್ದು ಆ ಮೂರನೇ ಮಾತು. ಗೆದ್ದವನ ಕಡೆಗೇ ದೇವರು ಅಂತ ಕ್ರುಸೇಡರು 1099ರಿಂದ ಹೇಳಿಕೊಂಡು ಬಂದದ್ದೂ ಅದೇ ವಾದ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹೇಗಾಗಿರಬೇಡ. ಅಂದಹಾಗೆ, ಖಾನ್ ತನ್ನ ರಾಯಭಾರಿಗಳನ್ನೂ ಜೊತೆಗೆ ಕಳಿಸುತ್ತೇನೆ ಅಂದಾಗ ಕಾರ್ಪಿನಿ ಉಪಾಯವಾಗಿ ತಪ್ಪಿಸಿಕೊಂಡ. ನಮ್ಮ ನಮ್ಮಲ್ಲೇ ಇರುವ ಜಗಳಗಳನ್ನು ಅವರು ನೋಡಿಬಿಟ್ಟರೆ ಇನ್ನಷ್ಟು ಹುಮ್ಮಸ್ಸಿನಿಂದ ಬರುತ್ತಾರೆ ಅನ್ನುವ ಹೆದರಿಕೆ.

ಇಷ್ಟು ಖಡಕ್ಕಾದ ಉತ್ತರ ಸಿಕ್ಕಿದ ಮೇಲೂ, ಮಂಗೋಲರು ಕ್ರೈಸ್ತರಾಗಿ ತಮ್ಮ ಜೊತೆ ನಿಲ್ಲುತ್ತಾರೆ ಅನ್ನುವ ಆಸೆಯನ್ನು ಯೂರೋಪ್ ಬಿಡಲಿಲ್ಲ. ಅದಕ್ಕೆ ಒಂದು ಹಳೇ ಕಾರಣವಿದೆ. 1165ರ ಸುಮಾರಿಗೆ ಒಂದು ಪತ್ರ ಎಲ್ಲೆಡೆ ಹಬ್ಬಿತ್ತು. ಪೂರ್ವದಲ್ಲಿ 'ಮೂರು ಇಂಡಿಯಾ'ಗಳನ್ನು ಆಳುವ ಕ್ರೈಸ್ತ ರಾಜ, ಪಾದ್ರಿ ಜಾನ್, ಬರೆದ ಪತ್ರ ಅಂತ. ಎಪ್ಪತ್ತೆರಡು ರಾಜರು ಅವನಿಗೆ ಕಪ್ಪ ಕೊಡುತ್ತಾರೆ, ಮೆಣಸು ಬೆಳೆಯುವ ಕಾಡಿನ ತುಂಬ ಹಾವುಗಳಿವೆ, ಹೀಗೆ. ಅಪ್ಪಟ ಸುಳ್ಳು ಪತ್ರ, ಯೂರೋಪಿನಲ್ಲೇ ಯಾರೋ ಕೂತು ಹೆಣೆದದ್ದು. ಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಹಬ್ಬಿರುವ ತೋಟದಲ್ಲಿ ಬೆಳೆದ ನನಗೆ ನಗು ತಡೆಯಲಾಗಲಿಲ್ಲ. (ಹಾವು ಇರುತ್ತದೆ, ಹಾಗಂತ ತೋಟದ ತುಂಬ ಅಲ್ಲ.) ಆದರೆ 1177ರಲ್ಲಿ ಮೂರನೇ ಅಲೆಕ್ಸಾಂಡರ್ ಪೋಪ್ 'ಇಂಡಿಯಾಗಳ ರಾಜ ಜಾನ್'ಗೆ ಅಂತ ಪತ್ರ ಬರೆಸಿ ತನ್ನ ವೈದ್ಯ ಫಿಲಿಪ್‌ನ ಕೈಯಲ್ಲಿ ಕಳಿಸಿದ್ದು ನಿಜ. ಫಿಲಿಪ್ ಏನಾದ ಅನ್ನುವುದು ಎಲ್ಲೂ ದಾಖಲಾಗಿಲ್ಲ. ಇಲ್ಲದ ವಿಳಾಸಕ್ಕೆ ಕಾಗದ ಹೊತ್ತು ಹೊರಟ ಆ ಡಾಕ್ಟರನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ.

ಆಸೆ ಇದ್ದವನಿಗೆ ಕಿವಿ ಬೇರೆ ಥರ ಕೇಳುತ್ತದೆ. 1248ರ ಡಿಸೆಂಬರಿನಲ್ಲಿ ಫ್ರಾನ್ಸಿನ ಒಂಬತ್ತನೇ ಲೂಯಿ ದಂಡಯಾತ್ರೆಗೆ ಹೊರಟು ಸೈಪ್ರಸ್ಸಿನಲ್ಲಿದ್ದ. ಎಲ್ಜಿಗಿದೈ ಅನ್ನುವ ಮಂಗೋಲ್ ಸೇನಾಪತಿಯಿಂದ ಪತ್ರ ತಂದವರು ಡೇವಿಡ್ ಮತ್ತು ಮಾರ್ಕ್ ಎಂಬ ಇಬ್ಬರು ಪೂರ್ವದ ಕ್ರೈಸ್ತರು. ಪತ್ರದಲ್ಲಿ ಇದ್ದದ್ದು ಹಿತವಾದ ನಾಲ್ಕು ಮಾತು. ಬಾಯಲ್ಲಿ ಅವರು ಹೇಳಿದ್ದು ಖಾನನೇ ಕ್ರೈಸ್ತನಾಗಿದ್ದಾನೆ ಅಂತ. ಲೂಯಿ ಹಿಗ್ಗಿ ಕೆಂಪು ಬಟ್ಟೆಯ ಚರ್ಚಿನಂಥ ಡೇರೆಯೊಂದನ್ನು, ಯೇಸುವಿನ ಕತೆಗಳನ್ನು ಕಸೂತಿ ಹಾಕಿಸಿ, ಉಡುಗೊರೆಯಾಗಿ ಕಳಿಸಿದ. ಗುಯುಕ್ ಆ ವರ್ಷದ ಮೊದಲರ್ಧದಲ್ಲೇ ಸತ್ತಿದ್ದ. ಡೇರೆ ತಲುಪಿದ್ದು ಅವನ ವಿಧವೆ ಓಗುಲ್ ಕೈಮಿಶ್‌ಗೆ. ಅವಳು ಅದನ್ನು ಕಪ್ಪ ಅಂತಲೇ ಇಟ್ಟುಕೊಂಡು, ಪ್ರತಿ ವರ್ಷ ಚಿನ್ನ ಬೆಳ್ಳಿ ಕಳಿಸುತ್ತಿರು, ಇಲ್ಲದಿದ್ದರೆ ನೋಡು ಅಂತ ಉತ್ತರ ಕೊಟ್ಟಳು. ಕಳಿಸಿದ್ದಕ್ಕೆ ರಾಜ ಬಹಳ ಪಶ್ಚಾತ್ತಾಪ ಪಟ್ಟ ಅಂತ ಅವನ ಜೊತೆಗಿದ್ದ ಜ್ವಾನ್‌ವಿಲ್ ಬರೆದಿದ್ದಾನೆ.

ಆಮೇಲೂ 1253ರಲ್ಲಿ ರುಬ್ರುಕ್‌ನ ವಿಲಿಯಂ ಎಂಬ ಸಂನ್ಯಾಸಿ ಲೂಯಿಯ ಪತ್ರ ಹಿಡಿದು ಹೊರಟ. ರಾಯಭಾರಿ ಅಲ್ಲ ಅಂತ ಹೇಳಿಕೊಂಡೇ ಹೊರಟ, ಸುಟ್ಟುಕೊಂಡಿದ್ದರಲ್ಲ. ಇವನ ದುಭಾಷಿಯದ್ದು ನನಗೆ ತೀರಾ ಹತ್ತಿರದ ಪಾತ್ರ. ಧರ್ಮೋಪದೇಶ ಮಾಡಲು ಬಾಯಿ ತೆರೆದರೆ, ನನ್ನ ಕೈಲಿ ಉಪದೇಶ ಮಾಡಿಸಬೇಡಿ, ಆ ಮಾತುಗಳೆಲ್ಲ ನನಗೆ ಬರುವುದಿಲ್ಲ ಅನ್ನುತ್ತಿದ್ದನಂತೆ. ಆಮೇಲೆ ವಿಲಿಯಂಗೆ ಭಾಷೆ ಸ್ವಲ್ಪ ಕಿವಿಗೆ ಹತ್ತಿದಾಗ ಗೊತ್ತಾಯಿತು, ತಾನು ಹೇಳುವುದು ಒಂದು, ಅವನು ಹೇಳುತ್ತಿರುವುದು ಬೇರೆಯೇ ಒಂದು, ತಲೆಗೆ ಬಂದದ್ದು. ಹಾಗಾಗಿ ಸುಮ್ಮನಿರುವುದೇ ವಾಸಿ ಅಂತ ತೀರ್ಮಾನಿಸಿದ. ರಾಜನ ಪತ್ರವನ್ನು ಭಾಷಾಂತರಿಸಿದ ಅರ್ಮೇನಿಯನ್ನರು ಮುಸ್ಲಿಮರ ಮೇಲಿನ ಸಿಟ್ಟಿಗೆ ಅದನ್ನು ಇನ್ನಷ್ಟು ಖಾರ ಮಾಡಿರಬಹುದು ಅಂತಲೂ ಅವನಿಗೆ ಅನುಮಾನ. 1254ರ ಜನವರಿಯಲ್ಲಿ ಹೊಸ ದೊರೆ ಮೋಂಗ್ಕೆ ಖಾನನ ಮುಂದೆ ನಿಂತಾಗ ಏನು ಕುಡಿಯುತ್ತೀರಿ ಅಂತ ಕೇಳಿದರು. ವಿಲಿಯಂ ಅಕ್ಕಿಯ ಮದ್ಯವನ್ನು ತುಟಿಗೆ ಸೋಕಿಸಿ ಇಟ್ಟ. ದುಭಾಷಿ ಮಾತ್ರ ಮದ್ಯ ಹಂಚುವವರ ಪಕ್ಕದಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವನ ಬಾಯಿಂದ ಒಂದು ಪೂರ್ತಿ ವಾಕ್ಯವೂ ಬರದ ಸ್ಥಿತಿ. ಖಾನನಿಗೂ ಏರಿದ ಹಾಗೆ ಕಂಡಿತಂತೆ. ಲೋಕದ ಅತಿ ದೊಡ್ಡ ಸಾಮ್ರಾಜ್ಯದ ಜೊತೆ ಅವತ್ತಿನ ಮಾತುಕತೆ ಅಲ್ಲಿಗೆ ಮುಗಿಯಿತು.

ಕೊನೆಯದೊಂದು ಪತ್ರ. 1289ರಲ್ಲಿ ಪರ್ಷಿಯಾದ ಮಂಗೋಲ್ ದೊರೆ ಅರ್ಗುನ್ ಫ್ರಾನ್ಸಿನ ನಾಲ್ಕನೇ ಫಿಲಿಪ್‌ಗೆ ಬರೆಸಿದ್ದು. ಆರಡಿಯಷ್ಟು ಉದ್ದ, ಈಗಲೂ ಪ್ಯಾರಿಸ್ಸಿನಲ್ಲಿದೆ. ಧಾಟಿ ಗುಯುಕ್‌ನದಲ್ಲ, ಜೊತೆಗೂಡೋಣ ಅನ್ನುವವನದು. ಹುಲಿ ವರ್ಷದ ಚಳಿಗಾಲದ ಕೊನೇ ತಿಂಗಳಲ್ಲಿ ಹೊರಡುತ್ತೇನೆ, ವಸಂತದ ಮೊದಲ ತಿಂಗಳ ಹದಿನೈದಕ್ಕೆ ಡಮಾಸ್ಕಸ್ಸಿನಲ್ಲಿ ಇಳಿಯುತ್ತೇನೆ, ನೀವೂ ಬನ್ನಿ, ಜೆರುಸಲೇಂ ಗೆದ್ದರೆ ನಿಮಗೇ ಕೊಡುತ್ತೇನೆ. ತಂದವನು ಜಿನೋವಾದ ವ್ಯಾಪಾರಿ ಬುಸ್ಕರೆಲ್ಲೋ. ಅವನು ಫ್ರೆಂಚಿನಲ್ಲಿ ತನ್ನದೊಂದು ಟಿಪ್ಪಣಿಯನ್ನೂ ಜೊತೆಗೆ ಕೊಟ್ಟ. ಖಾನ್ ಇಪ್ಪತ್ತು ಮೂವತ್ತು ಸಾವಿರ ಕುದುರೆಗಳನ್ನು ಒದಗಿಸುತ್ತಾನೆ ಅಂತ ಅದರಲ್ಲಿದೆ. ಮಂಗೋಲ್ ಪತ್ರದಲ್ಲಿ ಕುದುರೆಗಳ ಸುದ್ದಿ ಇಲ್ಲ. ಖಾನ್ ಬಾಯಲ್ಲಿ ಹೇಳಿ ಕಳಿಸಿದ್ದೋ, ಬುಸ್ಕರೆಲ್ಲೋ ರಾಜನ ಮುಖ ನೋಡಿ ಸೇರಿಸಿದ್ದೋ, ನನಗಂತೂ ಎರಡನೆಯದನ್ನು ನಂಬುವ ಆಸೆ. ಆ ದಿನಾಂಕ ನಮ್ಮ ಲೆಕ್ಕದಲ್ಲಿ 1291ರ ಫೆಬ್ರವರಿ. ಡಮಾಸ್ಕಸ್ಸಿಗೆ ಯಾರೂ ಬರಲಿಲ್ಲ. ಮಾರ್ಚ್‌ನಲ್ಲಿ ಅರ್ಗುನ್ ಸತ್ತ. ಮೇ 18ರಂದು ಕ್ರುಸೇಡರ ಕೊನೆಯ ದೊಡ್ಡ ಪಟ್ಟಣ ಏಕರ್ ಬಿದ್ದುಹೋಯಿತು.

ಆ ವರ್ಷದ ಯುಗಾದಿಗೆ ಚಿಕ್ಕಪ್ಪ ಬರಲಿಲ್ಲ. ಅಜ್ಜಿ ಒಂದು ಮಾತೂ ಆಡಲಿಲ್ಲ. ಕಾಗದಗಳನ್ನೆಲ್ಲ ಅಡುಗೆಮನೆ ಬಾಗಿಲ ಹಿಂದಿನ ತಂತಿಗೆ ಚುಚ್ಚಿಡುತ್ತಿದ್ದರು, ಇದನ್ನೂ ಚುಚ್ಚಿಟ್ಟರು. ನಾನು ಮರೆತೇಬಿಟ್ಟಿದ್ದೆ. ಎಷ್ಟೋ ವರ್ಷದ ಮೇಲೆ, ಅಜ್ಜಿ ಹೋದ ಮೇಲೆ, ಒಂದು ಮದುವೆಮನೆಯ ಪಂಕ್ತಿಯಲ್ಲಿ ನಮ್ಮೂರಿನ ಹಳೇ ಪೋಸ್ಟ್‌ಮ್ಯಾನ್ ಪಕ್ಕದಲ್ಲಿ ಕೂತಿದ್ದರು. ಮಾತಿಗೆ ಮಾತು ಬಂದು, ಹೀಗೆ ಮಾಡುತ್ತಿದ್ದೆ ಅಂತ ಹೇಳಿ ನಕ್ಕೆ.

"ಅದು ನಿಮ್ಮಜ್ಜಿಗೆ ಗೊತ್ತಿತ್ತು ಮಾರಾಯ," ಅಂದರು. "ನೀನು ಶಾಲೆಗೆ ಹೋದ ಮೇಲೆ ಅದೇ ಕಾಗದ ಹಿಡ್ಕೊಂಡು ನನ್ನ ಹತ್ರ ಬರೋರು. ಹುಡುಗ ಹಿಂಗೆ ಓದಿದ್ದಾನೆ, ಸರಿ ಇದ್ಯಾ ನೋಡಪ್ಪ ಅಂತ."

"ನೀವೇನು ಹೇಳ್ತಿದ್ರಿ?"

"ಹೌದಮ್ಮ, ಹಂಗೇ ಇದೆ ಅಂತಿದ್ದೆ," ಅಂತ ಹೇಳಿ ಅವರು ಎಲೆಯ ತುದಿಯ ಉಪ್ಪಿನಕಾಯಿಗೆ ಕೈ ಹಾಕಿದರು.